ಮೀನಿನಲ್ಲಿ ಫಾರ್ಮಾಲಿನ್: ಬಣ್ಣದ ಪಟ್ಟಿಯ ಪರೀಕ್ಷೆ

ಮಂಕಿ, ಹೊನ್ನಾವರ, ಭಟ್ಕಳ, ಕುಮಟಾ ಭಾಗದ ಮೀನು ವರ್ತಕರು 2018ರ ಅನುಭವವನ್ನು ಮರೆಯಲಾಗದು. ಆ ಜುಲೈ ತಿಂಗಳಲ್ಲಿ ಫಾರ್ಮಾಲಿನ್ ಭೀತಿಯಿಂದ ಗೋವಾ ಸರಕಾರವು ಹೊರರಾಜ್ಯಗಳ ಮೀನನ್ನು ತಾತ್ಕಾಲಿಕವಾಗಿ ನಿಷೇಧಿಸಿತು. ನವೆಂಬರಿನಲ್ಲಿ ನೋಂದಣಿ ಹಾಗೂ ಶಾಖನಿರೋಧಕ ವಾಹನದ ನಿಬಂಧನೆಗಳು ಬಂದವು. ಕೇವಲ ಮಂಜುಗಡ್ಡೆ ಹಾಕಿ ಬಂಗಡೆ ಕಳುಹಿಸುವ ಪ್ರಾಮಾಣಿಕ ವರ್ತಕನಿಗೂ ಕಲಬೆರಕೆ ಮಾಡುವವನಿಗೂ ಅಲ್ಲಿ ಭೇದವುಳಿಯಲಿಲ್ಲ. ಸರಕಿನ ಶುದ್ಧತೆಯನ್ನು ನಾವೇ ಪರೀಕ್ಷಿಸಿಕೊಳ್ಳುವ ಸುಲಭ ಮಾರ್ಗವಿದೆಯೇ?

ಪರೀಕ್ಷೆಯ ವಿಧಾನ

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಅಭಿವೃದ್ಧಿಪಡಿಸಿದ ‘ಸಿಫ್‌ಟೆಸ್ಟ್’ ಕಿಟ್ 2018ರ ಜನವರಿಯಲ್ಲಿ ಬಿಡುಗಡೆಯಾಯಿತು. ಕಾಗದದ ಪಟ್ಟಿಯನ್ನು ಮೀನಿನ ಮೈಮೇಲೆ ಉಜ್ಜಿ, ಅದರ ಮೇಲೆ ದ್ರಾವಣದ ಹನಿ ಹಾಕಬೇಕು. ಕೆಲವೇ ನಿಮಿಷಗಳಲ್ಲಿ ಮೂಡುವ ಬಣ್ಣವನ್ನು ಕಿಟ್‌ನಲ್ಲಿರುವ ಬಣ್ಣದ ತಖ್ತೆಯೊಡನೆ ಹೋಲಿಸಬೇಕು. ಕಡುನೀಲಿ ಬಣ್ಣವು ಫಾರ್ಮಾಲ್ಡಿಹೈಡ್ ಬೆರೆತಿರುವುದರ ಸೂಚನೆ. ಯಂತ್ರವಾಗಲಿ ವಿದ್ಯುತ್ತಾಗಲಿ ಬೇಕಿಲ್ಲ; ಖರ್ಚೂ ಅಲ್ಪ. ಅಮೋನಿಯಕ್ಕೆ ಪ್ರತ್ಯೇಕ ಕಿಟ್ ಇದೆ.

ಇದರ ಮಿತಿ

ಬಣ್ಣವು ಸೂಚನೆಯೇ ಹೊರತು ತೀರ್ಪಲ್ಲ. 2018ರ ಜುಲೈನಲ್ಲಿ ಮಡಗಾಂವ್ ಸಗಟು ಮಾರುಕಟ್ಟೆಯಲ್ಲಿ ಸ್ಥಳದಲ್ಲೇ ನಡೆಸಿದ ಪರೀಕ್ಷೆ ಫಾರ್ಮಾಲಿನ್ ಇದೆಯೆಂದಿತು. ಬಳಿಕ ಪ್ರಯೋಗಾಲಯದ ಆಧಾರದಲ್ಲಿ ಪ್ರಮಾಣವು ಮಿತಿಯೊಳಗಿದೆಯೆಂದು ಅಧಿಕಾರಿಗಳು ಪ್ರಕಟಿಸಿದರು. ಈ ಗೊಂದಲದಿಂದ ಗ್ರಾಹಕರ ಸಂಶಯ ಬೆಳೆಯಿತು. ಮೀನು ಸತ್ತ ನಂತರ ಅದರ ದೇಹದಲ್ಲಿ ಸಹಜವಾಗಿಯೇ ಸ್ವಲ್ಪ ಫಾರ್ಮಾಲ್ಡಿಹೈಡ್ ಉತ್ಪತ್ತಿಯಾಗುವುದುಂಟು. ಆದುದರಿಂದ 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಸಾಮಾನ್ಯ ಮೀನುಗಳಿಗೆ ಕಿಲೋಗ್ರಾಂಗೆ 4 ಮಿಲಿಗ್ರಾಂ, ಸಹಜ ಉತ್ಪತ್ತಿ ಅಧಿಕವಿರುವ ಕೆಲವು ಜಾತಿಗಳಿಗೆ 100 ಮಿಲಿಗ್ರಾಂ ಮಿತಿ ಸೂಚಿಸಿತು. ಇಂಥ ಸೂಕ್ಷ್ಮ ಅಳತೆ ಪ್ರಯೋಗಾಲಯದ್ದೇ ಕೆಲಸ.

ವರ್ತಕರು ಅನುಸರಿಸಬಹುದಾದ ಕ್ರಮ

1. ಹೊರಗಿನಿಂದ ಬಂದ ಮೀನನ್ನು ಸ್ಥಳೀಯ ಮೀನಿನೊಡನೆ ಬೆರೆಸುವ ಮುನ್ನವೇ ಪರೀಕ್ಷಿಸಿರಿ.

2. ಪೆಟ್ಟಿಗೆಯ ಮೇಲಿನ, ನಡುವಿನ, ಅಡಿಯ ಮೀನುಗಳನ್ನು ಆರಿಸಿರಿ. ದೋಣಿಯಿಂದ ಆಗಷ್ಟೇ ಇಳಿದ ಅದೇ ಜಾತಿಯ ಮೀನನ್ನೂ ಹೋಲಿಕೆಗಾಗಿ ಪರೀಕ್ಷಿಸಿರಿ.

3. ಪಟ್ಟಿಗಳನ್ನು ತೇವ, ಬಿಸಿಲುಗಳಿಂದ ಕಾಪಾಡಿರಿ. ಅವಧಿ ಮೀರಿದ ಕಿಟ್ ಬಳಸಬೇಡಿರಿ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಸೂಚಿಸಿದ ಸಮಯದೊಳಗೆ ನೋಡಿರಿ.

4. ದಿನಾಂಕ, ಲಾರಿಯ ಸಂಖ್ಯೆ, ಸರಬರಾಜುದಾರ, ಫಲಿತಾಂಶಗಳನ್ನು ದಾಖಲಿಸಿರಿ.

5. ಬಣ್ಣ ಸಂಶಯಾಸ್ಪದವಾದರೆ ಆ ಸರಕನ್ನು ಪ್ರತ್ಯೇಕಿಸಿ, ಮಾರಾಟ ತಡೆದು, ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿರಿ.

ಈ ದಾಖಲೆಯು ಪ್ರಯೋಗಾಲಯದ ವರದಿಗೆ ಬದಲಿಯಲ್ಲ. ಆದರೂ ಲಾರಿ ಹೊರಡುವ ಮೊದಲೇ ದೋಷವನ್ನು ಪತ್ತೆಹಚ್ಚಿದರೆ, ಗಡಿಯಲ್ಲಿ ಸಂಭವಿಸುವ ನಷ್ಟವೂ ಊರಿನ ಮೀನಿಗೆ ಬರುವ ಅಪಕೀರ್ತಿಯೂ ತಪ್ಪಬಹುದು.