ಕೇಶಾರೋಪಣಕ್ಕೆ ಮುನ್ನ

ಮುಂಬಯಿಯ ಲೋಕಲ್ ಗಾಡಿಯ ಡಬ್ಬಿಗಳಲ್ಲಿ ಅಂಟಿಸಿದ ಜಾಹೀರಾತುಗಳನ್ನು ಕಂಡು ಕೇಶಾರೋಪಣಕ್ಕೆ ಮನಸ್ಸುಮಾಡಿರುವ ತರುಣ ಮಿತ್ರರು ಮೊದಲು ತಿಳಿಯತಕ್ಕದ್ದೇನೆಂದರೆ, ಶಸ್ತ್ರವೈದ್ಯನು ಹೊಸ ಕೂದಲನ್ನು ಸೃಷ್ಟಿಸಲಾರನು. ಹಿಂದಲೆಯ ಬೇರುಗಳನ್ನು ತೆಗೆದು ಮುಂದಲೆಯಲ್ಲಿ ನೆಡುವನಷ್ಟೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ತರುವಾಯ ಮರಳಿ ಚಿಗುರತೊಡಗಿ, ಪೂರ್ಣಸ್ವರೂಪವನ್ನು ತಾಳಲು ಸುಮಾರು ಒಂದು ವರ್ಷವೇ ಹಿಡಿಯುವುದಾದ್ದರಿಂದ, ಮುಂದಿನ ತಿಂಗಳ ಮದುವೆಯನ್ನು ನೆನೆದು ಇಂದು ಅವಸರಪಡುವುದು ವ್ಯರ್ಥ. 2019ರ ಮಾರ್ಚ್ ತಿಂಗಳಲ್ಲಿ ಇದೇ ಮುಂಬಯಿಯಲ್ಲಿ, ಒಂದೇ ಸರದಿಯಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕ ಕೂದಲುಗಳನ್ನು ನೆಡಿಸಿಕೊಂಡ ಉದ್ಯಮಿಯೊಬ್ಬರು ಎರಡು ದಿನಗಳೊಳಗೆ ಅಸುನೀಗಿದ ವಾರ್ತೆ ನನ್ನ ಮನಸ್ಸನ್ನು ಇಂದಿಗೂ ಕಲಕುತ್ತದೆ. ಆದುದರಿಂದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ಹಿಂದಲೆಯಲ್ಲಿ ತೆಗೆಯಲು ಎಷ್ಟು ಉಳಿದಿದೆ, ಒಂದು ದಿನಕ್ಕೆ ಎಷ್ಟು ಕ್ಷೇಮ, ನೆಡುವವರು ತಾವೋ ಸಹಾಯಕರೋ?