ನುಂಗಿದ ಕಫವು ಎಲ್ಲಿಗೆ ಹೋಗುವದು?

ಮಳೆಗಾಲದಲ್ಲಿ ಕಾರವಾರ, ಅಂಕೋಲೆಗಳ ಯಾವ ಶಾಲೆಯ ವರ್ಗದಲ್ಲಿ ಕಾಲಿಟ್ಟರೂ ಮೊದಲು ಕಿವಿಗೆ ಬೀಳುವವು ಕೆಮ್ಮು ಸೀನುಗಳೇ. ಅಂಥದೊಂದು ಆಷಾಢದಲ್ಲಿ ಅಂಕೋಲೆಯ ಕಡೆಯ ಹುಡುಗಿಯೊಬ್ಬಳು ಶರೀರಶಾಸ್ತ್ರದ ಪಾಠದ ನಡುವೆ ಎದ್ದು ನಿಂತು, "ಅಕ್ಕೋರೇ, ಕಫ ನುಂಗಿದರೆ ಎದೆಯಲ್ಲಿ ಕೂತು ಗಟ್ಟಿಯಾಗ್ತದೆ ಅಂತ ಅಜ್ಜಿ ಹೇಳ್ತಾಳೆ, ಹೌದೇ?" ಎಂದು ಕೇಳಿದಳು. ಉಳಿದವರು ನಕ್ಕರು, ಅವಳ ಕಣ್ಣಲ್ಲಿ ಮಾತ್ರ ನೀರಿದ್ದಿತು. ಹೆದರಿಕೆಯಿಂದ ಅವಳು ಎರಡು ದಿವಸ ಗಂಜಿಯನ್ನೂ ಸರಿಯಾಗಿ ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ದಿನ ಅವಳಿಗೆ ಹೇಳಿದ್ದನ್ನೇ ತಾಯಂದಿರಿಗಾಗಿ ಇಲ್ಲಿ ಬರೆಯುತ್ತೇನೆ.

ಗಂಟಲಿನ ಕೆಳಗೆ ದಾರಿಗಳೆರಡು: ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ನುಂಗುವಾಗ ಚಿಕ್ಕ ಮುಚ್ಚಳವೊಂದು ಶ್ವಾಸನಾಳದ ಬಾಯಿಯ ಮೇಲೆ ಬಾಗುವದರಿಂದ ನುಂಗಿದ ಕಫವು ಎದೆಗೆ ಹೋಗದೆ ಜಠರಕ್ಕೆ ಇಳಿಯುವದು. ಎದೆಯ ಕಫವಾದರೋ ಮೇಲಕ್ಕೆ ಬರುವದೇ ಸರಿ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿದ್ದು, ಗಾಳಿಗೆ ಭತ್ತದ ತೆನೆಗಳು ಬಾಗುವಂತೆ ಒಂದೇ ಕಡೆಗೆ ಬಡಿಯುತ್ತ ಧೂಳನ್ನೂ ಕಫವನ್ನೂ ಗಂಟಲಿನ ಕಡೆಗೆ ಎತ್ತುತ್ತಿರುವವು. ಆರೋಗ್ಯವಂತರು ಕೂಡ ಅದನ್ನು ಹಗಲಿರುಳು ಅರಿಯದೆಯೇ ನುಂಗುತ್ತಿರುವರು.

ಕಫದಲ್ಲಿ ಶೇಕಡಾ 95ರಷ್ಟು ನೀರೇ. ಉಳಿದದ್ದು ಸ್ವಲ್ಪ ಉಪ್ಪು, ಅಂಟಾದ ಸಸಾರಜನಕ ಪದಾರ್ಥ, ರೋಗಾಣುಗಳ ಸಂಗಡ ಹೋರಾಡುವ ಕೆಲವು ದ್ರವ್ಯಗಳು. ಜಠರದ ತೀಕ್ಷ್ಣವಾದ ಆಮ್ಲವು ಅದರೊಳಗಿನ ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುವದು. ಪೆಪ್ಸಿನ್ ಎಂಬ ಪಾಚಕವು ನಾವು ಉಂಡ ಮೀನನ್ನು ಒಡೆಯುವಂತೆ ಕಫದ ಸಸಾರಜನಕವನ್ನೂ ಒಡೆಯುವದು. ಸಾರವು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುವದು. ಒಡೆಯದೆ ಉಳಿದ ಅಂಟು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರ. ಎಲ್ಲಿಯೂ ಗಟ್ಟಿಯಾಗಿ ಕೂಡ್ರುವದಿಲ್ಲ. ಉಗುಳಲು ಬಾರದ ಕೂಸು ಕೆಮ್ಮಿ ಕೆಮ್ಮಿ ಕಫವನ್ನು ವಾಂತಿಮಾಡಿದರೆ, ಅದು ಬಹಳ ಸಲ ನುಂಗಿದ ಕಫವೇ ಆಗಿರುವದು. (ಬಿಸಿನೀರು ಕುಡಿ ಎನ್ನುವ ಅಜ್ಜಿಯ ಮಾತನ್ನು ಮಾತ್ರ ನಾನು ತೆಗೆದುಹಾಕಲಾರೆ, ಗಂಟಲಿಗೆ ಅದು ಹಿತವೇ.)

ಆದರೆ ಜಠರದ ಆಮ್ಲಕ್ಕೂ ಬಗ್ಗದ ಒಂದು ರೋಗಾಣುವಿದೆ. 1882ರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯರು ಕಂಡುಹಿಡಿದ ಕ್ಷಯದ ರೋಗಾಣುವಿಗೆ ಮೇಣದಂಥ ಹೊದಿಕೆಯಿರುವದರಿಂದ ಅದು ಅಲ್ಲಿ ಬೇಗನೆ ಸಾಯುವದಿಲ್ಲ. ಇದರಿಂದಲೇ ವೈದ್ಯರಿಗೆ ಒಂದು ಉಪಾಯ ದೊರೆಯಿತು. ಚಿಕ್ಕ ಮಕ್ಕಳು ಕಫವನ್ನು ಉಗುಳಿ ಕೊಡಲಾರರು. ಆದ್ದರಿಂದ ರಾತ್ರಿಯೆಲ್ಲ ಅವರು ನುಂಗಿದ್ದನ್ನು ಬೆಳಿಗ್ಗೆ ಮೂಗಿನಿಂದ ಸಣ್ಣ ಕೊಳವೆಯನ್ನು ಇಳಿಸಿ ಜಠರದಿಂದಲೇ ತೆಗೆದು ಪರೀಕ್ಷಿಸುವರು.

ನನಗೆ ಚಿಂತೆಯಿರುವದು ಬೆಳೆದ ಹುಡುಗಿಯರ ವಿಷಯವಾಗಿ. ನಾಲ್ಕು ಜನರೆದುರು ಕೆಮ್ಮುವದೂ ಉಗುಳುವದೂ ಮರ್ಯಾದೆಯಲ್ಲವೆಂದು ಅವರು ಎಲ್ಲವನ್ನೂ ನುಂಗಿ ಸುಮ್ಮನಿರುವರು. ಮನೆಯವರೂ ಮದುವೆಯ ಮಾತು ಕೆಡುವದೆಂದು ಬಚ್ಚಿಡುವರು. ನುಂಗಿದ್ದಕ್ಕಿಂತ ಮುಚ್ಚಿಟ್ಟದ್ದರಿಂದಲೇ ಹೆಚ್ಚು ಕೇಡು. ಕೆಮ್ಮು ಎರಡು ವಾರ ಬಿಡದಿದ್ದರೆ, ಸಂಜೆ ಜ್ವರ ಬಂದರೆ, ಮೈ ಇಳಿದರೆ, ಸರಕಾರೀ ಆಸ್ಪತ್ರೆಗೆ ಕರೆದೊಯ್ಯಿರಿ. ಕ್ಷಯದ ಪರೀಕ್ಷೆಗೂ ಔಷಧಕ್ಕೂ ಅಲ್ಲಿ ಹಣ ಕೊಡಬೇಕಾಗಿಲ್ಲ. ಉಗುಳಲಾರದ ಕೂಸಿಗೆ ಜಠರದ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ, ಆ ಬೆಳಿಗ್ಗೆ ಅದಕ್ಕೆ ಚಹವನ್ನಾಗಲಿ ಗಂಜಿಯನ್ನಾಗಲಿ ಕೊಡದೆ ಕರೆತನ್ನಿರಿ. ಯಾಕಂದರೆ ಹೊಟ್ಟೆಗೆ ಅನ್ನ ಬಿದ್ದೊಡನೆ ರಾತ್ರಿ ನುಂಗಿದ್ದು ಕರುಳಿನ ಕಡೆಗೆ ಜಾರಿಹೋಗುವದು.