ಪೋರ್ಟ್ ಮುಚ್ಚಿದ್ದು ಕಂಪನಿಯೇ? ನೀವೇ ಪತ್ತೆ ಮಾಡಿ

ತೋಟದ ಮನೆಗೆ ಫೈಬರ್ ಬಂತು, ಸಿಸಿಟಿವಿಯೂ ಬಂತು. ಅಂಗಳದಲ್ಲಿ ಹರವಿದ ಅಡಿಕೆಯನ್ನು ಬೆಂಗಳೂರಿನಲ್ಲಿ ಕೂತು ನೋಡಹೊರಟರೆ ಮಾತ್ರ ಪರದೆ ಖಾಲಿ. ಕ್ಯಾಮೆರಾ ಹಾಕಿದವರು ‘ಇಂಟರ್ನೆಟ್ ಕಂಪನಿಯವರು ಪೋರ್ಟ್ ಬ್ಲಾಕ್ ಮಾಡಿದ್ದಾರೆ’ ಅನ್ನುತ್ತಾರೆ, ಕಂಪನಿಯವರು ‘ನಮ್ಮ ಕಡೆ ಎಲ್ಲ ಸರಿಯಿದೆ’ ಅನ್ನುತ್ತಾರೆ. ಇಬ್ಬರ ನಡುವೆ ಅಲೆಯಬೇಕಾಗಿಲ್ಲ. ಮನೆಯೊಳಗಿನಿಂದ ಶುರುಮಾಡಿ ಹೊರಗೆ ಬರುತ್ತಾ ಪರೀಕ್ಷಿಸಿದರೆ ಸತ್ಯ ಗೊತ್ತಾಗುತ್ತದೆ.

ಮೊದಲು ಮನೆಯ ವೈಫೈನಲ್ಲೇ ಇದ್ದು, ಬ್ರೌಸರ್‌ನಲ್ಲಿ ಡಿವಿಆರ್‌ನ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ವಿಳಾಸವನ್ನೂ ಕೋಲನ್ ಹಾಕಿ ಪೋರ್ಟ್ ಸಂಖ್ಯೆಯನ್ನೂ ಕೊಡಿ, 192.168.1.50:80 ಎಂಬಂತೆ. ಇಲ್ಲೇ ತೆರೆಯದಿದ್ದರೆ ದೋಷ ಡಿವಿಆರ್‌ನದ್ದು ಇಲ್ಲವೇ ಒಳಗಿನ ವೈರಿಂಗ್‌ನದ್ದು.

ತೆರೆದರೆ, ರೂಟರ್‌ನ ಸ್ಟೇಟಸ್ ಪುಟದಲ್ಲಿ ‘ವ್ಯಾನ್ ಐಪಿ’ ನೋಡಿ. ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಕಾಣುವ ಐಪಿವಿ4 ವಿಳಾಸದೊಂದಿಗೆ ಹೋಲಿಸಿ. ನನ್ನ ಪ್ರಕಾರ ಇದೇ ಅತಿ ಮುಖ್ಯ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ರೂಟರ್‌ನಲ್ಲಿರುವುದು 100.64ರಿಂದ 100.127ರೊಳಗೆ ಶುರುವಾಗುವ ವಿಳಾಸವಾದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಐಪಿವಿ4 ವಿಳಾಸಗಳ ಕೊರತೆಯಿಂದ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆಯಿದು. 100.64ರ ಈ ವಿಳಾಸಗಳ ಸಾಲನ್ನು 2012ರಲ್ಲಿ ಅದಕ್ಕೆಂದೇ ಮೀಸಲಿಟ್ಟರು. ಇಲ್ಲಿ ಯಾರೂ ಪೋರ್ಟ್ ಮುಚ್ಚಿಲ್ಲ. ಹೊರಗಿನಿಂದ ಬಂದ ಕರೆ ಯಾವ ಮನೆಗೆ ಹೋಗಬೇಕೆಂಬುದೇ ಕಂಪನಿಯ ಉಪಕರಣಕ್ಕೆ ಗೊತ್ತಿರುವುದಿಲ್ಲ. ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ಹೊರಗಿನ ಪೋರ್ಟನ್ನು ಡಿವಿಆರ್‌ಗೆ ಜೋಡಿಸಿದರೂ, ವ್ಯರ್ಥ. ಸ್ಟಾಟಿಕ್ ಐಪಿ ಕೇಳಬೇಕು. 192.168 ಎಂದು ಕಂಡರೆ ಬಹುಶಃ ಮನೆಯಲ್ಲೇ ಎರಡು ರೂಟರ್‌ಗಳಿವೆ, ಎರಡರಲ್ಲೂ ಫಾರ್ವರ್ಡ್ ಮಾಡಿ.

ವಿಳಾಸಗಳು ಒಂದೇ ಆಗಿದ್ದರೆ ಫಾರ್ವರ್ಡ್ ಮಾಡಿ, ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಸಾರ್ವಜನಿಕ ವಿಳಾಸ ಮತ್ತು ಪೋರ್ಟ್ ಕೊಟ್ಟು ನೋಡಿ. ದೋಷ ಸಂದೇಶವನ್ನು ಗಮನವಿಟ್ಟು ಓದಿ. ‘ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ಕರೆ ತಲುಪಿದೆ, ಆದರೆ ಆ ಪೋರ್ಟ್‌ನಲ್ಲಿ ಯಾವ ಸೇವೆಯೂ ಇಲ್ಲ. ಬಹಳ ಹೊತ್ತು ಸುತ್ತಿ ‘ಟೈಮ್ಡ್ ಔಟ್’ ಬಂದರೆ ಯಾವುದೋ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ನುಂಗಿರುವ ಸಾಧ್ಯತೆ ಹೆಚ್ಚು. ಆಗ ಹೊರಗಿನ ಪೋರ್ಟನ್ನು 50080 ಎಂದು ಬದಲಿಸಿ, ಒಳಗಿನ 80ಕ್ಕೇ ಜೋಡಿಸಿ. 50080 ತೆರೆದು 80 ತೆರೆಯದಿದ್ದರೆ, ರೂಟರ್ ತನ್ನದೇ ಬಳಕೆಗೆ 80ನ್ನು ಹಿಡಿದಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ರೂಟರ್ ಹಿಡಿದಿಟ್ಟಿಲ್ಲವಾದರೆ ಬ್ಲಾಕ್ ಆಗಿರುವುದು ದಾರಿಯಲ್ಲಿ. ಇನ್ನೊಂದು ಕಂಪನಿಯ ಸಿಮ್‌ನಿಂದಲೂ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಡಿವಿಆರ್‌ನ ಮೂಲ ಪಾಸ್‌ವರ್ಡ್ ಬದಲಿಸದೆ ಮಾತ್ರ ಇದನ್ನೆಲ್ಲ ಮಾಡಬೇಡಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ತಯಾರಕರು ಕೊಟ್ಟ ಪಾಸ್‌ವರ್ಡ್‌ನಲ್ಲೇ ಉಳಿದಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತ್ತು.

ಮನೆಯಿಂದ ಹೊರಹೋಗುವ ಪೋರ್ಟ್‌ಗಳ ಪರೀಕ್ಷೆ ಸುಲಭ: ಅದೇ ಕೆಲಸವನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡಿ ಹೋಲಿಸಿದರೆ ಸಾಕು. ಇಮೇಲ್‌ನ 25ನೇ ಪೋರ್ಟನ್ನು ಸ್ಪ್ಯಾಮ್ ತಡೆಯಲೆಂದು ಅನೇಕ ಕಂಪನಿಗಳು ಮುಚ್ಚಿರುತ್ತವೆ, ಅದು ಸರಿಯೇ, 587 ಬಳಸಿ.

ಬ್ಲಾಕ್ ಖಚಿತವಾದರೆ ಪೋರ್ಟ್ ಸಂಖ್ಯೆ, ಐಪಿ, ಪರೀಕ್ಷಿಸಿದ ಸಮಯ, ಎರಡೂ ಪರೀಕ್ಷೆಗಳ ಸ್ಕ್ರೀನ್‌ಶಾಟ್ ಸೇರಿಸಿ ಕಂಪನಿಗೆ ಇಮೇಲ್ ಮಾಡಿ, ದೂರಿನ ಸಂಖ್ಯೆ ಪಡೆದುಕೊಳ್ಳಿ.